ಉಸಿರಾಡುವಾಗ ಲಿವರ್ ಅಲುಗಾಡುತ್ತಲ್ವಾ, ಅಲ್ಟ್ರಾಸೌಂಡ್ ಶಾಖದಿಂದ ಅದರೊಳಗಿನ ಗಡ್ಡೆ ಸುಡುವಾಗ ಗುರಿ ತಪ್ಪಲ್ವಾ?

ಸುಮ್ನೆ ಬಿಟ್ಟರೆ ಖಂಡಿತ ತಪ್ಪುತ್ತದೆ. ಅದಕ್ಕೇ ಲಿವರ್ ಎಲ್ಲಿದೆ ಅಂತ ಕ್ಷಣಕ್ಷಣವೂ ಪತ್ತೆ ಮಾಡುತ್ತಾ ಶಾಖದ ಬಿಂದುವನ್ನೂ ಜೊತೆಗೇ ಸರಿಸುತ್ತಾರೆ, ಇಲ್ಲವೇ ಉಸಿರು ಬಿಟ್ಟ ಮೇಲೆ ಲಿವರ್ ಸ್ವಲ್ಪ ಹೊತ್ತು ನಿಲ್ಲುತ್ತಲ್ಲ, ಆಗ ಮಾತ್ರ ಶಾಖ ಕೊಡುತ್ತಾರೆ.

ಮಾಮೂಲಿ ಉಸಿರಾಟದಲ್ಲೇ ಲಿವರ್ 1–2 ಸೆಂ.ಮೀ. ಮೇಲೆ ಕೆಳಗೆ ಹೋಗುತ್ತದೆ. ಬಿಂದುವಿನ ಅಗಲವೋ ಕೆಲವೇ ಮಿ.ಮೀ. ಎಂಆರ್‌ಐ ಯಂತ್ರ ವಪೆಯ (ಎದೆ–ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಅಂಚನ್ನು ಮತ್ತೆ ಮತ್ತೆ ನೋಡಿ, ಲಿವರ್ ಎಷ್ಟು ಸರಿಯಿತು ಅಂತ ಅಂದಾಜಿಸುತ್ತದೆ. ಅಲ್ಟ್ರಾಸೌಂಡ್ ಯಂತ್ರದಲ್ಲಿ ಶಬ್ದ ಹೊಮ್ಮಿಸುವ ನೂರಾರು ಪುಟ್ಟ ತುಣುಕುಗಳಿರುತ್ತವೆ, ಒಂದೊಂದರ ಸಮಯವನ್ನು ಚೂರು ಹಿಂದೆ ಮುಂದೆ ಮಾಡಿದರೆ ಸಾಕು, ಯಂತ್ರ ಅಲುಗಾಡದೆಯೇ ಬಿಂದು ಸರಿಯುತ್ತದೆ.

ನನಗೆ ಇದಕ್ಕಿಂತ ಕಷ್ಟ ಅನಿಸುವುದು ಬಿಸಿ ಅಳೆಯುವುದು. ಎಂಆರ್‌ಐ ಉಷ್ಣತೆಯನ್ನು ಲೆಕ್ಕ ಹಾಕುವುದು ಅದೇ ಜಾಗದ ಹಳೆಯ ಚಿತ್ರಕ್ಕೆ ಹೋಲಿಸಿ. ಲಿವರ್ ಸರಿದಿದ್ದರೆ ಹೋಲಿಕೆಯೇ ತಪ್ಪಿ, ಇಲ್ಲದ ಬಿಸಿ ಕಾಣಿಸುತ್ತದೆ. ಹಾಗಾಗಿ ಮೊದಲೇ ಇಡೀ ಉಸಿರಾಟದ ಚಿತ್ರಗಳನ್ನು ತೆಗೆದಿಟ್ಟುಕೊಂಡು, ಆ ಕ್ಷಣದ ಸ್ಥಾನಕ್ಕೆ ಹೊಂದುವ ಚಿತ್ರದ ಜೊತೆಗೇ ಹೋಲಿಸುತ್ತಾರೆ. ರೋಗಿ ಕೆಮ್ಮಿದರೆ ಮಾತ್ರ ಇದೆಲ್ಲ ಕೆಲಸಕ್ಕೆ ಬರಲ್ಲ, ತಕ್ಷಣ ಶಾಖ ನಿಲ್ಲಿಸಲೇಬೇಕು.