ಮಷಿನ್ ಬಂದಿದ್ದು ದಾಲ್ ಮಿಲ್ಲಿಗೆ, ನಿದ್ದೆ ಹೋಗಿದ್ದು ಕಿರಾಣಿ ಅಂಗಡಿಯವರಿಗೆ

ನಾನು ಆಪ್ತಸಲಹೆಗಾರ್ತಿ. ವ್ಯಾಪಾರ ಕುಸಿದು ನಿದ್ದೆ ಕೆಟ್ಟ ಇಂಥ ಅಂಗಡಿಯವರು ನನ್ನ ಹತ್ತಿರ ಬರುವುದು ಜಾಸ್ತಿಯಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಕಲಬುರಗಿಯ ಒಂದು ಬಡಾವಣೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ನಲವತ್ತು ದಾಟಿದೆ. ನಿದ್ದೆ ಇಲ್ಲ, ಮನೆಯಲ್ಲಿ ಮಾತುಮಾತಿಗೆ ರೇಗಾಟ. ಗಿರಾಕಿ ಕಡಿಮೆಯಾಗಿದ್ದಕ್ಕೆ ಅಂಗಡಿ ಹಳೇದಾಗಿದ್ದೇ ಕಾರಣ ಅಂತ ಅವರ ಲೆಕ್ಕ. ಹೆಂಡತಿಯ ಬಂಗಾರ ಅಡವಿಟ್ಟು ಗಾಜಿನ ಶೋಕೇಸು, ದೊಡ್ಡ ಫ್ರಿಜ್ಜು ತರಬೇಕು ಅಂತ ಹಟ ಹಿಡಿದಿದ್ದರು.

ಮುಂದಿನ ಸಲ ಹೆಂಡತಿಯನ್ನೂ ಕರೆದುಕೊಂಡು ಬನ್ನಿ ಅಂದೆ. ಅವತ್ತು ಇವರು ಶುರುಮಾಡಿದ್ದೇ ದೂರಿನಿಂದ. "ಇಷ್ಟು ವರ್ಷ ಉದ್ರಿ ಕೊಟ್ಟೀನ್ರಿ ಮೇಡಂ. ಈಗ ರೊಕ್ಕ ಕೊಟ್ಟು ಹಿಂದಿನ ಓಣಿ ಅಂಗಡ್ಯಾಗ ತಗೋತಾರ. ನಾ ಏನ್ ತಪ್ಪ ಮಾಡೀನಿ?"

ಆಕೆ ತಲೆ ಎತ್ತದೆ ಹೇಳಿದರು: "ಅವ್ರಿಗಿ ನಿಮ್ಮ ಮ್ಯಾಲ ಸಿಟ್ಟಿಲ್ರಿ. ಬಾಕಿ ಅದ, ನಿಮ್ಮ ಮಾರಿ ನೋಡ್ಲಾಕ ನಾಚ್ಕಿ. ಮಿಲ್ನಾಗ ಬ್ಯಾಳಿ ಆರಿಸೋ ಕೆಲಸ ನಿಂತದ, ನಿಮಗ ಗೊತ್ತಿಲ್ಲೇನು?"

ಅವರಿಗೆ ಗೊತ್ತಿತ್ತು. ಆದರೆ ತಮ್ಮ ಗಲ್ಲಾಕ್ಕೂ ಅದಕ್ಕೂ ಸಂಬಂಧ ಕಟ್ಟಿರಲಿಲ್ಲ.

ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ವಿಶೇಷ ಬೆಳೆ ಅನ್ನುವ ಅಧಿಕೃತ ಗುರುತು) ಸಿಕ್ಕಿತು, ಹೆಮ್ಮೆಯೇ. ಆ ಬೇಳೆಯಲ್ಲಿ ಕಲ್ಲು, ಕಪ್ಪು ಕಾಳು ಆರಿಸುತ್ತಿದ್ದವರು ಹೆಂಗಸರು. ಈಗ ಕಲರ್ ಸಾರ್ಟರ್ ಇದೆ: ಕ್ಯಾಮೆರಾ ಬಣ್ಣ ನೋಡುತ್ತದೆ, ಗಾಳಿ ಊದಿ ಕೆಟ್ಟ ಕಾಳನ್ನು ಹಾರಿಸುತ್ತದೆ. ಮಿಲ್ಲಿಗೆ ಉಳಿದ ಕೂಲಿ ಈ ಓಣಿಗೆ ವಾಪಸ್ ಬರುವುದಿಲ್ಲ. ವಾರದ ಕೂಲಿ ನಿಂತ ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಬಿಸ್ಕತ್ತು, ಶಾಂಪೂ, ಒಳ್ಳೆ ಎಣ್ಣೆಗೆ. ಅಂಗಡಿಯವರಿಗೆ ಲಾಭ ಇದ್ದದ್ದೇ ಅವುಗಳಲ್ಲಿ. ಕೆಲಸ ಇನ್ನೂ ಇದ್ದವರೂ ನಾಳೆ ನಮ್ಮ ಸರದಿ ಅಂತ ಕೈ ಬಿಗಿ ಹಿಡಿಯುತ್ತಾರೆ.

ನಾನು ಹೇಳಿದ್ದು ಇಷ್ಟು. ಬಂಗಾರ ಅಡವಿಡಬೇಡಿ, ಕೊಳ್ಳುವವರ ಕೈಯಲ್ಲೇ ದುಡ್ಡಿಲ್ಲದಾಗ ಶೋಕೇಸು ಏನು ಮಾಡುತ್ತೆ? ಹಳೇ ಬಾಕಿಯನ್ನು ಬೇರೆ ಪುಸ್ತಕಕ್ಕೆ ಬರೆದಿಡಿ. ನಗದು ಕೊಟ್ಟು ಹತ್ತು ರೂಪಾಯಿ ಸಾಮಾನು ಒಯ್ಯುವವರ ಮುಂದೆ ಅದರ ಮಾತೇ ತೆಗೆಯಬೇಡಿ. ಇದನ್ನು ಹೆಂಡತಿಯೇ ಮನೆಮನೆಗೆ ಹೋಗಿ ಹೇಳಲಿ.

ಇದು ಆಪ್ತಸಲಹೆಯಾ, ವ್ಯಾಪಾರದ ಸಲಹೆಯಾ ಅಂತ ಪರಿಚಯದವರೊಬ್ಬರು ಕೇಳಿದರು. ಉಸಿರಾಟದ ಅಭ್ಯಾಸವನ್ನೂ ಕಲಿಸಿದ್ದೇನೆ, ಸ್ವಾಮಿ. ಆದರೆ ಓಣಿಯ ಕೂಲಿ ನಿಂತಿದ್ದಕ್ಕೆ ಒಬ್ಬ ಮನುಷ್ಯ ತನ್ನನ್ನೇ ಬೈದುಕೊಳ್ಳುತ್ತಿದ್ದರೆ, ಕಾರಣ ಎಲ್ಲಿದೆ ಅಂತ ತೋರಿಸದೆ ಸುಮ್ನೆ ಧೈರ್ಯ ತುಂಬುವುದು ನನ್ನ ಮಟ್ಟಿಗೆ ಮೋಸ.

ಕೆಲಸ ಕಳೆದುಕೊಂಡ ಹೆಂಗಸರಿಗೂ ಒಂದು ಮಾತು ತಲುಪಿಸಲು ಹೇಳಿದೆ. ವರ್ಷದಲ್ಲಿ 240 ದಿನ ದುಡಿದವರನ್ನು ಕಡಿತ ಮಾಡುವಾಗ ಒಂದು ತಿಂಗಳ ನೋಟಿಸ್ ಇಲ್ಲವೇ ಅಷ್ಟು ಸಂಬಳ, ಜೊತೆಗೆ ದುಡಿದ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ ಕೊಡಬೇಕು ಅಂತ ಕಾನೂನಿದೆ. ದಿನಗೂಲಿ ಅಂದ ಮಾತ್ರಕ್ಕೆ ಅದು ತಪ್ಪುವುದಿಲ್ಲ. ಹಾಜರಿಯ ಯಾವ ಚೀಟಿ ಇದ್ದರೂ ಹಿಡಿದುಕೊಂಡು ಕಾರ್ಮಿಕ ಇಲಾಖೆಗೆ ಹೋಗಿ.

ಅಂಗಡಿಯ ವ್ಯಾಪಾರ ಮೊದಲಿನಷ್ಟಾಗಿಲ್ಲ. ಕೆಲವರು ವಾಪಸ್ ಬಂದಿದ್ದಾರೆ, ಬಂಗಾರ ಮನೆಯಲ್ಲೇ ಇದೆ. ಫ್ರಿಜ್ಜಿನ ಆಸೆ ಮಾತ್ರ ಅವರು ಇನ್ನೂ ಪೂರ್ತಿ ಬಿಟ್ಟಿಲ್ಲ.