ದುಂಡಾದ ಕಲ್ಲು: ಸವೆದದ್ದೋ, ಬೆಳೆದದ್ದೋ?

ಪ್ರಶ್ನೆ: ಕೆಲವು ಬಂಡೆಗಳಲ್ಲಿ ಸಾಸಿವೆಯಂಥ ಗುಂಡುಗಳು ಒತ್ತೊತ್ತಾಗಿರುತ್ತವೆ, ಇನ್ನು ಕೆಲವದರಲ್ಲಿ ಹೊಳೆಯ ನುಣ್ಣನೆಯ ಕಲ್ಲುಗಳೇ ಹೂತುಕೊಂಡಿರುತ್ತವೆ. ಎರಡನ್ನೂ ಒಂದೇ ರೀತಿ ವಿವರಿಸಬಹುದೇ?

ಉತ್ತರ: ವಿವರಿಸಬಾರದು. ಆಕಾರ ಒಂದೇ ಆದರೂ ಹುಟ್ಟು ತೀರ ಬೇರೆ: ಹೊಳೆಗಲ್ಲು ಸವೆದು ದುಂಡಾದದ್ದು, ಸಾಸಿವೆಯಂಥ ಕಾಳು ಸಾಮಾನ್ಯವಾಗಿ ಬೆಳೆದು ದುಂಡಾದದ್ದು.

ಬಹಾಮಾ ದ್ವೀಪಗಳ ಸುತ್ತಲಿನ ಆಳವಿಲ್ಲದ ಬೆಚ್ಚನೆಯ ಕಡಲಿನಲ್ಲಿ ಮರಳಿನ ಕಣವೋ ಚಿಪ್ಪಿನ ಚೂರೋ ಅಲೆಯ ಮತ್ತು ಉಬ್ಬರವಿಳಿತದ ಸೆಳೆತಕ್ಕೆ ಸಿಕ್ಕಿ ಹೊರಳುತ್ತಿರುವಾಗ, ನೀರಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಅದರ ಸುತ್ತ ಪದರ ಪದರವಾಗಿ ಕೂಡುತ್ತದೆ. ಇಂಥ ಕಾಳುಗಳು ಬೆಸೆದುಕೊಂಡು ಆದ ಬಂಡೆಯೇ ಊಲೈಟ್ ಸುಣ್ಣಕಲ್ಲು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್ಲಿಗೆ ಬಳಸಿದ ಪೋರ್ಟ್‌ಲ್ಯಾಂಡ್ ಕಲ್ಲು ಈ ಜಾತಿಯದು. ಕಾಳು 2 ಮಿ.ಮೀ. ಮೀರಿದರೆ ಪಿಸೊಲೈಟ್ ಎನ್ನುತ್ತಾರೆ. ಮುರಕಲ್ಲಿನಲ್ಲಿ ಕೆಲವೆಡೆ ಸಿಗುವ ಕಬ್ಬಿಣದಂಶದ ಗುಂಡುಗಳೂ ಬೆಳೆದವೇ, ಆದರೆ ಕಡಲಿನಲ್ಲಲ್ಲ, ಮಣ್ಣಿನಲ್ಲಿ.

ಸವೆದ ಕಲ್ಲಿಗೆ ಅಳತೆ ಬೇರೆ. 1922ರಲ್ಲಿ ಅಮೆರಿಕದ ಭೂವಿಜ್ಞಾನಿ ಚೆಸ್ಟರ್ ವೆಂಟ್‌ವರ್ತ್ ರೂಪಿಸಿದ ಶ್ರೇಣಿಯ ಪ್ರಕಾರ 4ರಿಂದ 64 ಮಿ.ಮೀ. ಅಡ್ಡಳತೆಯದು ಪೆಬಲ್, ಅದಕ್ಕಿಂತ ದೊಡ್ಡದು 256 ಮಿ.ಮೀ.ವರೆಗೆ ಕಾಬಲ್. ಇವು ಮರಳು, ಜೇಡಿಯೊಂದಿಗೆ ಗಟ್ಟಿಯಾಗಿ ಕಾಂಗ್ಲಾಮರೇಟ್ ಎಂಬ ಬಂಡೆಯಾಗುತ್ತವೆ. ಚಿಕ್ಕಮಗಳೂರು ಜಿಲ್ಲೆಯ ಕಲ್ದುರ್ಗದ ಕಾಂಗ್ಲಾಮರೇಟ್ 250 ಕೋಟಿ ವರ್ಷಗಳಿಗೂ ಹಳೆಯದು. ಅದರಲ್ಲಿರುವ ಗ್ರಾನೈಟ್ ಗುಂಡುಗಳು, ಆ ಬಂಡೆ ಮೂಡುವ ಮೊದಲೇ ಇನ್ನೂ ಹಳೆಯ ಗ್ರಾನೈಟ್ ನೆಲವೊಂದು ಮಳೆ ನೀರಿಗೆ ಮೈಯೊಡ್ಡಿ ಸವೆಯುತ್ತಿತ್ತು ಎಂಬುದಕ್ಕೆ ಸಾಕ್ಷಿ. ಒಂದು ಗುಂಡಿನಿಂದ ಇಷ್ಟು ತಿಳಿಯುವಾಗ, ಕಲ್ಲಿನ ಬಗ್ಗೆ ಬರೆಯುವ ಟಿಪ್ಪಣಿಯಲ್ಲಿ ‘ದುಂಡಗಿದೆ’ ಎಂದಷ್ಟೇ ಬರೆದು ಬಿಡುವುದು ನಷ್ಟವೇ ಸರಿ.

ದುಂಡುತನವೆಂದರೆ ಚೆಂಡಿನಾಕಾರ ಎಂದು ಅನೇಕರು ಭಾವಿಸುತ್ತಾರೆ. ಭೂವಿಜ್ಞಾನದಲ್ಲಿ ಅದು ಅಂಚು ಮೂಲೆಗಳು ಎಷ್ಟು ಸವೆದಿವೆ ಎಂಬುದರ ಅಳತೆ. ಆದ್ದರಿಂದ ಚಪ್ಪಟೆಯಾದ ಹೊಳೆಗಲ್ಲೂ ಬಹಳ ದುಂಡಾದದ್ದಾಗಿರಬಹುದು. ಕಾಂಕ್ರೀಟಿನಲ್ಲೂ ಇದು ಮುಖ್ಯ: ನುಣ್ಣನೆಯ ಹೊಳೆಗಲ್ಲು ಹಾಕಿದ ಕಾಂಕ್ರೀಟು ಸುಲಭವಾಗಿ ಹರಡಿಕೊಳ್ಳುತ್ತದೆ, ಒಡೆದ ಜಲ್ಲಿಯ ಒರಟು ಮೈ ಸಿಮೆಂಟನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ.

ಬೆಳೆದದ್ದನ್ನೂ ಸವೆದದ್ದನ್ನೂ ಬೇರೆ ಮಾಡಿ ಗುರುತಿಸಲು ಕಾಳೊಂದನ್ನು ಒಡೆದು, ಒಳಮೈಯನ್ನು 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ನಡುವಿನ ಕಣದ ಸುತ್ತ ಉಂಗುರಗಳಿದ್ದರೆ ಅದು ಬೆಳೆದದ್ದು. ಮೂಲಶಿಲೆಯ ರಚನೆಯೇ ಹೊರ ಅಂಚಿನವರೆಗೂ ಬಂದು ಅಲ್ಲಿ ಥಟ್ಟನೆ ಕಡಿದುಹೋಗಿದ್ದರೆ ಅದು ಸವೆದದ್ದು.