ಅಪ್ಪನ ನೆನಪಿನ ₹60,000 ಯಾವ ಜೀವಕ್ಕೆ?

ಪ್ರಶ್ನೆ: ನಮ್ಮ ಅಪ್ಪ ಕೊನೆಯವರೆಗೂ ಎತ್ತು ಕಟ್ಟಿ ಒಕ್ಕಲುತನ ಮಾಡಿದವರು. ಹೋದ ವರ್ಷ ತೀರಿಕೊಂಡರು. ಅವರ ನೆನಪಿಗೆ ವರ್ಷಕ್ಕೆ ₹60,000 ಪ್ರಾಣಿಗಳಿಗಾಗಿ ಕೊಡಬೇಕು ಅಂತ ಮನೆಯವರೆಲ್ಲ ಸೇರಿ ನಿರ್ಧರಿಸಿದ್ದೇವೆ. ಗೋಶಾಲೆಗೆ ಒಂದು ಶೆಡ್ ಕಟ್ಟಿಸಿ ಅಪ್ಪನ ಹೆಸರು ಹಾಕಿಸೋಣ ಅನ್ನುತ್ತಾನೆ ಅಣ್ಣ. ಮಗಳು ಮಾತ್ರ, “ಅಮ್ಮ, ಎಲ್ಲಕ್ಕಿಂತ ಜಾಸ್ತಿ ನರಳೋದು ಮೊಟ್ಟೆ ಕೋಳಿ, ಅದಕ್ಕೆ ಕೊಡು” ಅನ್ನುತ್ತಾಳೆ. ಕೋಳಿಗೆ ದಾನ ಅಂದರೆ ಮನೆಯಲ್ಲಿ ನಗುತ್ತಾರೆ. ನೀವೇನು ಹೇಳುತ್ತೀರಿ?
— ಶಾಲಾ ಶಿಕ್ಷಕಿ, ಲಕ್ಷ್ಮೇಶ್ವರ

ಉತ್ತರ: ಅಕ್ಕಾವ್ರೇ, ಮಗಳ ಮಾತಿಗೆ ನಗಬೇಡಿ ಅಂತ ಮನೆಯಲ್ಲಿ ಮೊದಲು ಹೇಳಿ. ನಾನು 31 ವರ್ಷ ಹಾವೇರಿ, ಶಿಗ್ಗಾವಿ, ಗದಗ ಕಡೆ ಪಶುವೈದ್ಯನಾಗಿ ಕೆಲಸ ಮಾಡಿದವನು. ಆಕಳು, ಎಮ್ಮೆ, ಎತ್ತಿಗೆ ಸಹಾಯ ಮಾಡುತ್ತೇವೆ ಅಂತ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಕೋಳಿಗೆ ಅಂತ ಬಂದವರು ಒಬ್ಬರೂ ಇಲ್ಲ.

ಒಮ್ಮೆ ಒಂದು ಮೊಟ್ಟೆ ಫಾರ್ಮಿಗೆ ಪೋಸ್ಟ್‌ಮಾರ್ಟಮ್ ಮಾಡಲು ಹೋಗಿದ್ದೆ. ಸತ್ತ ಕೋಳಿಯ ಕಾಲು ಹಿಡಿದು ತಿರುವಿದೆ. ತೊಡೆಯ ಮೂಳೆ ನನ್ನ ಬೆರಳ ನಡುವೆಯೇ ಲಟಕ್ಕನೆ ಮುರಿಯಿತು. ನಾನು ಬಲ ಹಾಕಿರಲೇ ಇಲ್ಲ. ಒಂದು ಫಾರ್ಮ್ ಕೋಳಿ ವರ್ಷಕ್ಕೆ 300ರ ಹತ್ತಿರ ಮೊಟ್ಟೆ ಇಡುತ್ತದೆ. ಅದರ ಮೂಲ ತಳಿಯಾದ ಕಾಡುಕೋಳಿ ಇಡುವುದು ಹತ್ತು ಹದಿನೈದು. ಅಷ್ಟು ಮೊಟ್ಟೆಯ ಸಿಪ್ಪೆಗೆ ಬೇಕಾದ ಸುಣ್ಣದಂಶ ಮೇವಿನಿಂದ ಸಾಲದೆ ಹೋದಾಗ ಮೂಳೆಯಿಂದಲೇ ಹೋಗುತ್ತದೆ. ಸಾಲದ್ದಕ್ಕೆ ಅದು ನಿಂತಿರುವುದು ತಂತಿ ಪಂಜರದಲ್ಲಿ. ಒಂದು ಕೋಳಿಯ ಪಾಲಿಗೆ ಸಾಮಾನ್ಯವಾಗಿ ಒಂದು ಎ4 ಹಾಳೆಯಷ್ಟೂ ಜಾಗ ಇರುವುದಿಲ್ಲ. ರೆಕ್ಕೆ ಬಿಚ್ಚಲು ಆಗದು. ನಮ್ಮ ಹಿತ್ತಲ ಕೋಳಿ ಬಿಸಿಲಿಗೆ ಮಣ್ಣಲ್ಲಿ ಹೊರಳಾಡುತ್ತದೆ, ಅಲ್ವಾ? ಮೊಟ್ಟೆ ಇಡುವ ಮುಂಚೆ ಮೂಲೆ ಹುಡುಕುತ್ತದೆ. ಪಂಜರದಲ್ಲಿ ಮಣ್ಣೂ ಇಲ್ಲ, ಮೂಲೆಯೂ ಇಲ್ಲ.

2023–24ರಲ್ಲಿ ದೇಶದಲ್ಲಿ 14,277 ಕೋಟಿ ಮೊಟ್ಟೆ ಉತ್ಪಾದನೆಯಾಯಿತು. ಅದರಲ್ಲಿ ಹೆಚ್ಚಿನ ಪಾಲು ಬರುವುದು ದೊಡ್ಡ ಫಾರ್ಮುಗಳಿಂದ. 2024ರಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ 6 ದಿನ ಮೊಟ್ಟೆ ಶುರುವಾಯಿತು, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಮಕ್ಕಳ ತಟ್ಟೆಗೆ ಮೊಟ್ಟೆ ಬರಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮೊಟ್ಟೆ ಜಾಸ್ತಿ ಬೇಕಾದಷ್ಟೂ ಪಂಜರ ಜಾಸ್ತಿಯಾಗುತ್ತವೆ. ಅದಕ್ಕೇ ಕೋಳಿಗಳನ್ನು ಪಂಜರದಿಂದ ಬಿಡಿಸುವ ಕೆಲಸ ಈಗಲೇ ಆಗಬೇಕು ಅನ್ನುತ್ತೇನೆ.

ಇದಕ್ಕೆ ದುಡ್ಡು ಕೊಟ್ಟರೆ ಏನಾಗುತ್ತದೆ ಅಂತ ನಿಮ್ಮ ಅಣ್ಣ ಕೇಳಬಹುದು. ಪಂಜರ ಬಿಡಿಸುವ ಸಂಘಟನೆಗಳು ಹೋಟೆಲ್, ಬೇಕರಿ, ಬಿಸ್ಕತ್ ಕಂಪನಿಗಳ ಜೊತೆ ಕೂತು, ಪಂಜರದ ಮೊಟ್ಟೆ ಕೊಳ್ಳುವುದಿಲ್ಲ ಅಂತ ಬರೆಸಿಕೊಳ್ಳುತ್ತವೆ. ಕೋರ್ಟಿಗೆ ಹೋಗುತ್ತವೆ. ಫಾರ್ಮಿನವರಿಗೆ ಬೇರೆ ರೀತಿಯ ಸಾಕಣೆ ಕಲಿಸುತ್ತವೆ. ದುಡ್ಡು ಹೋಗುವುದು ಸಂಬಳಕ್ಕೆ, ಓಡಾಟಕ್ಕೆ, ವಕೀಲರಿಗೆ. ಹೆಸರು ಬರೆಸಲು ಇಲ್ಲಿ ಗೋಡೆ ಇರುವುದಿಲ್ಲ. ಆದರೆ ಒಂದು ದೊಡ್ಡ ಕಂಪನಿ ಒಪ್ಪಿ ಮಾತಿನಂತೆ ನಡೆದರೆ ಸಾವಿರಾರು ಕೋಳಿಗೆ ಒಟ್ಟಿಗೇ ನೆಲ ಸಿಗುತ್ತದೆ. ಇದು ಆಗದ ಕೆಲಸವೇನಲ್ಲ. ಯುರೋಪ್ ಒಕ್ಕೂಟ 1999ರಲ್ಲಿ ಕಾನೂನು ಮಾಡಿ, ಫಾರ್ಮಿನವರಿಗೆ ಸಮಯ ಕೊಟ್ಟು, 2012ರ ಜನವರಿ 1ರಿಂದ ಬರೀ ತಂತಿಯ ಹಳೆ ಪಂಜರ ನಿಲ್ಲಿಸಿತು. ನಮ್ಮ ಕಾನೂನು ಆಯೋಗವೂ 2017ರಲ್ಲಿ 269ನೇ ವರದಿಯಲ್ಲಿ ಕೋಳಿಗಳಿಗಾಗಿ ನಿಯಮದ ಕರಡನ್ನೇ ಬರೆದುಕೊಟ್ಟಿತು. ಪಂಜರ ತೆಗೆದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತಲ್ಲ. ನೋಡಿಕೊಳ್ಳುವವರು ಸರಿಯಿಲ್ಲದಿದ್ದರೆ ಬಿಟ್ಟ ಕೋಳಿಗಳು ಒಂದನ್ನೊಂದು ಕುಕ್ಕಿ ಗಾಯ ಮಾಡುತ್ತವೆ. ಆದ್ದರಿಂದ ದುಡ್ಡು ಕೊಡುವ ಮುಂಚೆ ಆ ಸಂಘಟನೆಯನ್ನು ಒಂದೇ ಮಾತು ಕೇಳಿ: ಮಾತು ಕೊಟ್ಟ ಕಂಪನಿಗಳಲ್ಲಿ ಎಷ್ಟು ಮಂದಿ ನಡೆದುಕೊಂಡಿದ್ದಾರೆ? ಲೆಕ್ಕ ಇಟ್ಟಿರುವವರಿಗೆ ಕೊಡಿ. ಅರ್ಧ ದುಡ್ಡು, ಅಂದರೆ ₹30,000, ಇದಕ್ಕೇ ಹೋಗಲಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಗೋಶಾಲೆ. ಅಣ್ಣನ ಮನಸ್ಸು ನೋಯಿಸಬೇಡಿ, ಆದರೆ ಶೆಡ್ ಮಾತ್ರ ಬೇಡ. ಒಂದು ಬೇಸಿಗೆಯಲ್ಲಿ ಒಂದು ಗೋಶಾಲೆಗೆ ನನ್ನನ್ನು ಕರೆದಿದ್ದರು. ಮೂರು ಶೆಡ್ ಇದ್ದವು, ಎರಡಕ್ಕೆ ದಾನಿಗಳ ಹೆಸರಿನ ಕಲ್ಲು. ಬಣವಿ ಇರಬೇಕಾದ ಜಾಗ ಖಾಲಿ. ಒಂದು ಮುದಿ ಎತ್ತಿನ ಗೊರಸು ಬೆಳೆದು ಚಪ್ಪಲಿಯ ಮೂತಿಯಂತೆ ಮೇಲಕ್ಕೆ ತಿರುಗಿತ್ತು. ಕತ್ತರಿಸಲು ಯಾರೂ ಬಂದಿರಲಿಲ್ಲ. ಅದು ಎದ್ದು ನಿಲ್ಲಲು ಪಟ್ಟ ಕಷ್ಟ ಇವತ್ತಿಗೂ ಕಣ್ಣ ಮುಂದಿದೆ. ಸುತ್ತ ತಗಡು, ಸಿಮೆಂಟು ಎಲ್ಲ ಹೊಸದು.

ಅದಕ್ಕೇ ಹೇಳುತ್ತೇನೆ, ₹20,000 ಕಣಿಕೆಗೆ, ಅಂದರೆ ಜೋಳದ ದಂಟಿನ ಮೇವಿಗೆ, ಕೊಡಿ. ಹಿಂಗಾರಿ ಬಿಳಿಜೋಳದ ರಾಶಿ ಮುಗಿದ ಕೂಡಲೇ ಕೊಂಡು ಬಣವಿ ಹಾಕಿಸಿ. ಆಗ ಅಗ್ಗ. ಏಪ್ರಿಲ್–ಮೇ ಹೊತ್ತಿಗೆ ಅದೇ ದುಡ್ಡಿಗೆ ಅರ್ಧ ಹೊರೆ ಬಂದರೆ ಹೆಚ್ಚು. ಜೊತೆಗೆ ವರ್ಷಕ್ಕೆ ಎರಡು ಸಲ ಗೊರಸು ನೋಡುವವರ ಕೂಲಿ. ಕೊಡುವ ಮುಂಚೆ ಒಂದು ದಿನ ಹೇಳದೇ ಹೋಗಿ. ನೀರಿನ ತೊಟ್ಟಿ ನೋಡಿ. ಜಾಗ ತುಂಬಿದ ಮೇಲೂ ದನ ತೆಗೆದುಕೊಳ್ಳುತ್ತಾರಾ ಅಂತ ಕೇಳಿ. “ಬಂದಷ್ಟೂ ತಗೋತೀವ್ರೀ” ಅಂದರೆ ಬೇರೆ ಕಡೆ ನೋಡಿ.

ಉಳಿದ ₹10,000 ಬಗ್ಗೆ ನನ್ನದೊಂದು ಆಸೆ ಇದೆ. ನಮ್ಮ ಕಡೆಯ ದನದ ಸಂತೆಗಳಲ್ಲಿ ಎತ್ತುಗಳನ್ನು ಟೆಂಪೋದಿಂದ ಜಿಗಿಸಿ ಇಳಿಸುತ್ತಾರೆ. ಹಾಗೆ ಮುಂಗಾಲು ಮುರಿದುಕೊಂಡ ಎತ್ತುಗಳನ್ನು ನಾನು ನೋಡಿದ್ದೇನೆ. ಕಾಲು ಮುರಿದ ಎತ್ತಿಗೆ ಹೆಚ್ಚಿನ ಸಲ ನಾನು ಮಾಡುವಂಥದ್ದು ಏನೂ ಉಳಿದಿರುತ್ತಿರಲಿಲ್ಲ. ಗಾಡಿಯ ಎತ್ತರಕ್ಕೆ ಒಂದು ಇಳಿಜಾರು ಕಟ್ಟೆ ಇದ್ದರೆ ಸಾಕು, ಊರಿನ ಗೌಂಡಿಯೇ ಕಟ್ಟುತ್ತಾನೆ. ಎಪಿಎಂಸಿ ಒಪ್ಪಿಗೆ ಬೇಕು. ಒಂದು ವರ್ಷದ ದುಡ್ಡು ಸಾಲದಿದ್ದರೆ ಎರಡು ವರ್ಷದ್ದು ಕೂಡಿಸಿ. ಎತ್ತು ಕಟ್ಟಿದ ಅಪ್ಪನ ಹೆಸರು ಬರೆಸುವುದಾದರೆ ಅಲ್ಲಿ ಬರೆಸಿ, ಅಣ್ಣನಿಗೂ ಸಮಾಧಾನ.

ಮರೆಯಬೇಡಿ, ದಾನಕ್ಕೆ ತೆರಿಗೆ ವಿನಾಯಿತಿಯ ರಸೀದಿ (80ಜಿ ರಸೀದಿ ಅಂತ ಕರೆಯುವುದು ಇದನ್ನೇ) ಕೇಳಿ ಪಡೆಯಿರಿ. ನಗದಾಗಿ ₹2,000ಕ್ಕಿಂತ ಜಾಸ್ತಿ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಚೆಕ್ ಅಥವಾ ಆನ್‌ಲೈನ್ ಒಳ್ಳೆಯದು.

ಪ್ರಶ್ನೆ: ನಾವು ಆರು ಜನ ಹಾಸ್ಟೆಲ್ ಗೆಳೆಯರು. ದಿನಾ ಸಂಜೆ ಬೀದಿ ನಾಯಿಗಳಿಗೆ ಅನ್ನ, ಬಿಸ್ಕತ್ ಹಾಕುತ್ತೇವೆ. ತಿಂಗಳಿಗೆ ₹2,000 ಖರ್ಚು. ಇದು ಸರಿಯಾದ ಸಹಾಯನಾ ಸರ್?
— ವಿದ್ಯಾರ್ಥಿ, ಧಾರವಾಡ

ಉತ್ತರ: ತಮ್ಮಾ, ಸಹಾಯವೇ. ಆದರೆ ಬಿಸ್ಕತ್ ನಿಲ್ಲಿಸಿ, ಉಳಿದ ದುಡ್ಡು ಲಸಿಕೆಗೆ ಮತ್ತು ಸಂತಾನಹರಣದ ಆಪರೇಷನ್ನಿಗೆ ಕೂಡಿಸಿ. ಒಂದು ಪ್ರದೇಶದ ನಾಯಿಗಳಲ್ಲಿ ಶೇ. 70ರಷ್ಟಕ್ಕೆ ಹುಚ್ಚುನಾಯಿ ರೋಗದ ಲಸಿಕೆ ಬಿದ್ದರೆ ರೋಗ ಹರಡುವುದು ನಿಲ್ಲುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮಗೂ ನಾಯಿಗೂ ಇಬ್ಬರಿಗೂ ಅದೇ ರಕ್ಷೆ. ಸಂತಾನಹರಣದ ನಿಯಮ 2001ರಿಂದ ಇದೆ, 2023ರಲ್ಲಿ ಹೊಸದಾಗಿ ಬಂತು. ಅದರ ಜವಾಬ್ದಾರಿ ಪಾಲಿಕೆಯದ್ದು, ಕೇಳುವ ಹಕ್ಕು ನಿಮಗಿದೆ.

ನೀವು ದಿನಾ ಅನ್ನ ಹಾಕಿದ್ದು ಸುಮ್ನೆ ಹೋಗಿಲ್ಲ. ನಾಯಿ ಹಿಡಿಯುವುದೇ ಈ ಕೆಲಸದಲ್ಲಿ ದೊಡ್ಡ ಕಷ್ಟ. ನಿಮ್ಮನ್ನು ನಂಬಿದ ನಾಯಿ ಬಲೆ ಇಲ್ಲದೆ ನಿಮ್ಮ ಹತ್ತಿರ ಬರುತ್ತದೆ. ಕಿವಿಯ ತುದಿ ಕತ್ತರಿಸಿದ್ದರೆ ಆಪರೇಷನ್ ಆಗಿದೆ ಅಂತ ಅರ್ಥ. ಆಗದವುಗಳ ಪಟ್ಟಿ ಮಾಡಿ. ಆಪರೇಷನ್ ಮಾಡುವವರ ಬಳಿ ಹೋದಾಗ, ಗಾಯ ಮಾಯುವ ತನಕ ಎಲ್ಲಿ ಇಡುತ್ತೀರಿ ಅಂತ ಕೇಳಿ, ಆ ಜಾಗ ನೋಡಿಯೇ ಬನ್ನಿ. ಹೊಲಿಗೆ ಬಿಚ್ಚಿಹೋದ ನಾಯಿಯನ್ನು ಬೀದಿಗೆ ಬಿಟ್ಟದ್ದನ್ನು ನಾನು ನೋಡಿದ್ದೇನೆ. ಅದು ಉಳಿಯಲಿಲ್ಲ.

ಪ್ರಶ್ನೆ: ಕೃಷಿ ಹೊಂಡದಲ್ಲಿ ಮೀನು ಬಿಟ್ಟಿದ್ದೇನೆ. ಮೀನಿಗೂ ನೋವಾಗುತ್ತದೆಯೇ? ಅದಕ್ಕೂ ಯಾರಾದರೂ ಕೆಲಸ ಮಾಡುತ್ತಾರಾ?
— ರೈತ, ಗುತ್ತಲ

ಉತ್ತರ: ಆಗುತ್ತದೆ. ಆಂಧ್ರದಲ್ಲಿ ಮೀನು ಸಾಕುವವರ ಜೊತೆ ಕೆರೆಯ ನೀರು ಸುಧಾರಿಸುವ ಕೆಲಸ ನಡೆದಿದೆ. ನೀವು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ನಾಳೆ ಸೂರ್ಯ ಹುಟ್ಟುವ ಮುಂಚೆ ಹೊಂಡದ ಹತ್ತಿರ ಹೋಗಿ. ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವುದು ಆಗಲೇ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಉಸಿರಿಗೆ ಒದ್ದಾಡುತ್ತಿವೆ ಅಂತ ತಿಳಿಯಿರಿ. ಕೂಡಲೇ ಪಂಪ್ ಹಚ್ಚಿ ಹೊಸ ನೀರು ಮೇಲಿನಿಂದ ಬೀಳುವಂತೆ ಬಿಡಿ, ಆ ದಿನ ಮೇವು ಹಾಕಬೇಡಿ. ಮುಂದಿನ ಸಲ ಮರಿ ಕಡಿಮೆ ಬಿಡಿ.